ಪರೀಕ್ಷಾ ವಿಭಾಗದ ಜಗಳಕ್ಕೆ ನಾವು ಮಾಡಿದ್ದು

ರಾಜ್ಯದ ಒಂದು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ನಾನು ಅಧೀಕ್ಷಕ. ನಮ್ಮಲ್ಲಿ ಜಗಳ ಅಂದರೆ ಕೂಗಾಟ ಕಡಿಮೆ. ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಸುಮ್ನೆ ಸುತ್ತುತ್ತಿರುತ್ತದೆ, ಅಷ್ಟೇ. ಕಿಟಕಿ ಆಚೆ ನಿಂತ ವಿದ್ಯಾರ್ಥಿ ಮಾರ್ಕ್ಸ್ ಕಾರ್ಡಿನ ತಪ್ಪು ಹಿಡಿದುಕೊಂಡು ಅಲೆಯುತ್ತಿರುತ್ತಾನೆ.

2021-22ರಲ್ಲಿ ನಾಲ್ಕು ವರ್ಷದ ಡಿಗ್ರಿಯ ಹೊಸ ಶಿಕ್ಷಣ ನೀತಿ ಬಂತು, ಜೊತೆಗೆ ಪ್ರವೇಶ, ಪರೀಕ್ಷೆ, ಫಲಿತಾಂಶದ ಕೆಲಸಕ್ಕೆಂದು ಸರ್ಕಾರದ ಯುಯುಸಿಎಂಎಸ್ ಪೋರ್ಟಲ್ ಕೂಡ. 2024-25ರಿಂದ ಡಿಗ್ರಿ ಮತ್ತೆ ಮೂರು ವರ್ಷದ್ದಾಯಿತು. ಅದಕ್ಕೂ ಹಿಂದಿನ ಸಿಬಿಸಿಎಸ್ ಪದ್ಧತಿಯ ರಿಪೀಟರ್‌ಗಳು ಹೇಗೂ ಇದ್ದೇ ಇದ್ದಾರೆ. ಒಂದೇ ವಿಭಾಗ, ಮೂರು ಸ್ಕೀಮು, ಜನ ಮಾತ್ರ ಅಷ್ಟೇ. ಖಾಲಿ ಹುದ್ದೆಗಳ ಕೆಲಸವೆಲ್ಲ ಹೊರಗುತ್ತಿಗೆಯ ಹುಡುಗ ಹುಡುಗಿಯರ ತಲೆ ಮೇಲೆ.

ಪೋರ್ಟಲ್ಲಿನ ಲಾಗಿನ್ ಇರುವುದು ಕಾಯಂ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಹೆಸರಲ್ಲಿ, ಅಂಕ ಕೂರಿಸುವುದು ಹೊರಗುತ್ತಿಗೆಯ ಆಪರೇಟರ್. ತಪ್ಪಾದರೆ ಎಫ್‌ಡಿಎಗೆ ನೋಟಿಸ್, ಆಪರೇಟರ್‌ಗೆ ಮಾತ್ರ ಏಜೆನ್ಸಿಯಿಂದ 'ನಾಳೆಯಿಂದ ಬರಬೇಡ' ಅನ್ನುವ ಫೋನು. ಇಬ್ಬರಿಗೂ ಭಯ ಇದ್ದಾಗ ಒಬ್ಬರ ಮೇಲೊಬ್ಬರು ಹಾಕದೆ ಇನ್ನೇನು ಮಾಡುತ್ತಾರೆ? ಅಂಥವರನ್ನು ಕೂರಿಸಿ 'ಹೊಂದಿಕೊಂಡು ಹೋಗಿ' ಅಂತ ಬುದ್ಧಿ ಹೇಳುವುದರಲ್ಲಿ ನನಗೆ ನಂಬಿಕೆ ಇಲ್ಲ.

ಹಾಗಾಗಿ ಟಿಪ್ಪಣಿ ಬರೆದೆ. ತಿದ್ದುಪಡಿ ಅರ್ಜಿ ಪ್ರತಿಯೊಂದಕ್ಕೂ ಒಂದು ಚೀಟಿ ಇರಬೇಕು, ಅದರಲ್ಲಿ ಅಂಕ ಕೂರಿಸಿದವರ ಸಹಿ, ತಾಳೆ ನೋಡಿದವರ ಸಹಿ, ಯಾವ ಸ್ಕೀಮು, ಮೂಲ ಅಂಕಪಟ್ಟಿಯ ಯಾವ ಪುಟ ನೋಡಿದ್ದು ಅನ್ನುವುದೆಲ್ಲ ಇರಬೇಕು. ತಪ್ಪು ಸಿಕ್ಕರೆ ವಿವರಣೆಯನ್ನು ಮೊದಲು ಅಧೀಕ್ಷಕನಿಂದ, ಅಂದರೆ ನನ್ನಿಂದಲೇ ಕೇಳಬೇಕು, ಆ ಚೀಟಿ ನೋಡದೆ ಏಜೆನ್ಸಿಗೆ ಪತ್ರ ಹೋಗಬಾರದು. ಫಲಿತಾಂಶದ ಸಮಯದಲ್ಲಿ ಭಾನುವಾರ ಬಂದವರಿಗೆ, ಹೊರಗುತ್ತಿಗೆಯವರಿಗೂ ಸೇರಿಸಿ, ಬದಲಿ ರಜೆ.

ಬಾಯಿಮಾತಿನ ಒಪ್ಪಿಗೆ ಸಾಲದು ಅಂತ ಪಟ್ಟು ಹಿಡಿದೆ. ನಮ್ಮ ವಿಭಾಗದ ಮುಖ್ಯಸ್ಥರಾದ ಮೌಲ್ಯಮಾಪನ ಕುಲಸಚಿವರು ರಜೆಯ ವಿಷಯಕ್ಕೆ ಸ್ವಲ್ಪ ಎಳೆದಾಡಿದರು, ಕೊನೆಗೆ ಕಚೇರಿ ಆದೇಶ ಹೊರಟಿತು. ಅದನ್ನು ಕೌಂಟರ್ ಪಕ್ಕದ ಗೋಡೆಗೇ ಅಂಟಿಸಿದೆವು.

ಇನ್ನೊಂದು ಸಣ್ಣ ಕೆಲಸ. ಹೊರಗುತ್ತಿಗೆಯವರ ಸಂಬಳ ತಡವಾಗುವುದಕ್ಕೆ ನಾವೆಲ್ಲ ಏಜೆನ್ಸಿಯನ್ನು ಬೈಯುತ್ತಿದ್ದೆವು. ಕೆದಕಿ ನೋಡಿದರೆ ಹಾಜರಾತಿ ದೃಢೀಕರಣ ನಮ್ಮ ಕಡೆಯ ಟಪಾಲಿನಲ್ಲೇ ಕೂತಿರುತ್ತಿತ್ತು! ಈಗ ತಿಂಗಳ ಕೊನೆ ದಿನವೇ ಅದನ್ನು ಹಣಕಾಸು ವಿಭಾಗಕ್ಕೆ ಕೈಯಲ್ಲೇ ಮುಟ್ಟಿಸಿ, ಸ್ವೀಕೃತಿ ಹಾಕಿಸಿಕೊಂಡು ಬರುತ್ತೇವೆ. ಆದೇಶಕ್ಕಿಂತ ಇದೇ ಜಾಸ್ತಿ ಕೆಲಸ ಮಾಡಿತೇನೋ ಅನ್ನಿಸುತ್ತದೆ, ಏಕೆಂದರೆ 'ಇವರು ನಮ್ಮ ಕಡೆ ಇದ್ದಾರೆ' ಅಂತ ಹುಡುಗರು ಮೊದಲ ಸಲ ಹೇಳಿದ್ದು ಆಗಲೇ.

ಬಿಟ್ಟು ಹೋದವರೂ ಇದ್ದಾರೆ, ತಪ್ಪೇನಿಲ್ಲ. ಒಂದೇ ಕೆಲಸಕ್ಕೆ ಕಾಯಂನವರಿಗೊಂದು ಸಂಬಳ, ಹೊರಗುತ್ತಿಗೆಯವರಿಗೊಂದು ಸಂಬಳ ಅನ್ನುವುದು ನನ್ನ ಟಿಪ್ಪಣಿಯಿಂದ ಸರಿಹೋಗುವಂಥದ್ದಲ್ಲ. ಆದರೆ ಹೋಗುವವರು ಈಗ ಹೊಸಬರಿಗೆ ಕೆಲಸ ಕಲಿಸಿಯೇ ಹೋಗುತ್ತಾರೆ. ಮೊದಲು ಹೇಳದೆ ಕೇಳದೆ ನಿಂತುಬಿಡುತ್ತಿದ್ದರು.

ಕುಲಸಚಿವರು ಬದಲಾದರೆ ಹಳೇ ಆದೇಶ ಯಾರಿಗೂ ನೆನಪಿರುವುದಿಲ್ಲ. ಅದಕ್ಕೇ ಒಂದು ಪ್ರತಿ ನನ್ನ ಡ್ರಾಯರ್‌ನಲ್ಲಿದೆ, ಹೊಸಬರು ಬಂದ ಮೊದಲ ವಾರವೇ ಅವರ ಮೇಜಿಗೆ ಹೋಗುತ್ತದೆ.