ಹಿಟ್ಟಿನ ಪಲ್ಯ, ಮುಟಗಿ, ನುಚ್ಚು: ಪುಣೆಯಲ್ಲಿ ಅವ್ವನ ಅಡುಗೆ

ಕಡ್ಲೆ ಹಿಟ್ಟು, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಜೋಳ. ತಿಂಗಳ ಕೊನೆಗೆ ನಮ್ಮ ಮನೆಯಲ್ಲಿ ಉಳಿಯುತ್ತಿದ್ದದ್ದು ಇಷ್ಟೇ, ಇಷ್ಟರಲ್ಲೇ ಅವ್ವ ಎಲ್ಲರ ಹೊಟ್ಟೆ ತುಂಬಿಸುತ್ತಿದ್ದಳು. 1972ರ ಬರಗಾಲದಲ್ಲಿ ಇಂಡಿ ಕಡೆಯ ಹೊಲ ಒಣಗಿದ ಮೇಲೆ ಅಪ್ಪ ಪುಣೆಗೆ ಬಂದು ಭೋಸರಿಯ ಒಂದು ಕಾರ್ಖಾನೆ ಸೇರಿದರು. ನಾನು ಹುಟ್ಟಿ ಬೆಳೆದದ್ದು ಇಲ್ಲೇ. ಅವ್ವನ ಆ ಅಡುಗೆಗಳನ್ನು ಈಗ ನನ್ನ ಮನೆಯಲ್ಲಿ ಹೇಗೆ ಮಾಡುತ್ತೇನೆ ಅಂತ ಬರೆಯುತ್ತಿದ್ದೇನೆ.

ಮೊದಲು ಹಿಟ್ಟಿನ ಪಲ್ಯ. ಬಾಣಲೆ ಕಬ್ಬಿಣದ್ದೇ ಇರಲಿ. ಎರಡು ಚಮಚ ಶೇಂಗಾ ಎಣ್ಣೆ, ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಸೀಳಿದ ಹಸಿಮೆಣಸಿನಕಾಯಿ, ಆಮೇಲೆ ಹೆಚ್ಚಿದ ಉಳ್ಳಾಗಡ್ಡಿ. ಅದು ಮೆತ್ತಗಾದರೆ ಸಾಕು, ಕೆಂಪಾಗುವುದು ಬೇಡ. ಅರಿಶಿಣ, ಉಪ್ಪು ಹಾಕಿ, ಒಂದು ವಾಟಿ (ಬಟ್ಟಲು) ಕಡ್ಲೆ ಹಿಟ್ಟಿಗೆ ಎರಡೂವರೆ ವಾಟಿಯಷ್ಟು ನೀರು. ನೀರು ಕುದಿ ಬಂದ ಮೇಲೆ ಅವ್ವ ಎಡಗೈಯಿಂದ ಹಿಟ್ಟು ಉದುರಿಸುತ್ತಾ ಬಲಗೈಯಲ್ಲಿ ಲಟ್ಟಣಿಗೆ ಹಿಡಿದು ತಿರುವುತ್ತಿದ್ದಳು, ಒಂದು ಗಂಟೂ ಆಗುತ್ತಿರಲಿಲ್ಲ. ನಾನು ಹಿಟ್ಟನ್ನು ಮೊದಲೇ ಅರ್ಧ ನೀರಿನಲ್ಲಿ ಕಲಸಿಕೊಂಡು ಸುರಿಯುತ್ತೇನೆ, ರುಚಿಗೇನೂ ಕಡಿಮೆ ಆಗುವುದಿಲ್ಲ. ಆಮೇಲೆ ಮುಚ್ಚಿ, ಸಣ್ಣ ಉರಿಯಲ್ಲಿ ಬಿಡಬೇಕು. ಇಲ್ಲಿ ಅವಸರ ಮಾಡಲೇಬಾರದು. ಹಸಿ ಹಿಟ್ಟಿನ ವಾಸನೆ ಹೋಗಿ, ಅಂಚಿನಲ್ಲಿ ಎಣ್ಣೆ ಮಿನುಗಿ, ತಳದಲ್ಲಿ ತೆಳ್ಳನೆ ಕೆಂಪು ಪದರ ಹಿಡಿಯುತ್ತದಲ್ಲ, ಆಗ ಇಳಿಸಿ. ಆ ತಳ ಹಿಡಿದದ್ದನ್ನು ಸೌಟಿನಿಂದ ಕೆರೆದು ತಿನ್ನಲು ನಾವು ಮಕ್ಕಳು ಪಾಳಿ ಹಚ್ಚುತ್ತಿದ್ದೆವು.

ಊರಿಂದ ಯಾರಾದರೂ ಸೋಲಾಪುರದಲ್ಲಿ ಗಾಡಿ ಬದಲಿಸಿ, ಹೇಳದೆ ಕೇಳದೆ ಊಟದ ಹೊತ್ತಿಗೇ ಬಂದರೂ ಅವ್ವನ ಮುಖದಲ್ಲಿ ಒಂದು ಗೆರೆ ಬದಲಾಗುತ್ತಿರಲಿಲ್ಲ. "ಬರ್ರಿ ಅಣ್ಣಾರ, ಕೈಕಾಲ ತೊಳಕೋರಿ" ಅನ್ನುತ್ತಲೇ ಬಾಣಲೆಗೆ ಒಂದು ಲೋಟ ಬಿಸಿನೀರು, ಇಷ್ಟು ಖಾರ, ಚಿಟಿಕೆ ಉಪ್ಪು ಹಾಕಿ ಕುದಿಸಿಬಿಡುತ್ತಿದ್ದಳು. ಗಟ್ಟಿ ಪಲ್ಯ ತೆಳ್ಳಗಾಗಿ ಎಲ್ಲರಿಗೂ ಸಾಲುತ್ತಿತ್ತು. ಪಕ್ಕದ ಮನೆ ಮರಾಠಿ ಕಾಕು ಅವರದ್ದೂ ಇದೇ ಊಟ, ಪಿಠಲ ಭಾಕರಿ, ಅಂದರೆ ಹಿಟ್ಟಿನ ಪಲ್ಯ, ಜೋಳದ ರೊಟ್ಟಿ. 1995ರಲ್ಲಿ ಮಹಾರಾಷ್ಟ್ರ ಸರ್ಕಾರ ಒಂದು ರೂಪಾಯಿಗೆ ಝುಣಕಾ ಭಾಕರ (ಇದೇ ಪಲ್ಯ ಗಟ್ಟಿಯಾಗಿ, ಜೊತೆಗೆ ರೊಟ್ಟಿ) ಕೊಡಲು ಶುರು ಮಾಡಿದಾಗ, ನಮ್ಮ ಊಟಕ್ಕೆ ಮರ್ಯಾದೆ ಸಿಕ್ಕಿತು ಅಂತ ಅಪ್ಪನಿಗೆ ಖುಷಿಯೋ ಖುಷಿ.

ಮುಟಗಿ ವಿಜಯಪುರ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಸ್ವಲ್ಪ ದಪ್ಪಗೆ ಬಡಿದ ಜೋಳದ ರೊಟ್ಟಿ ಹಂಚಿನಿಂದ ಇಳಿದ ಕೂಡಲೇ ಮುರಿದು, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಕೆಂಪು ಖಾರದ ಜೊತೆ ಒರಳಲ್ಲಿ ಕುಟ್ಟಿ, ಎಣ್ಣೆ ಬಿಟ್ಟು ನಾದಿ ಮುದ್ದೆ ಕಟ್ಟುವುದು. ರೊಟ್ಟಿ ಕೈ ಸುಡುವಷ್ಟು ಬಿಸಿ ಇರಬೇಕು, ಆರಿದರೆ ಕೂಡಿಕೊಳ್ಳುವುದಿಲ್ಲ, ಸುಮ್ನೆ ಪುಡಿ ಆಗುತ್ತದೆ. ಮಿಕ್ಸಿ ಬೇಡವೇ ಬೇಡ. ಜ್ವರ ಬಂದು ನಾಲಿಗೆ ಕೆಟ್ಟಾಗ ಅವ್ವ ಖಾರ ಕಡಿಮೆ ಮಾಡಿ ಇದನ್ನೇ ಕೊಡುತ್ತಿದ್ದಳು, ನನ್ನ ಮಗಳಿಗೂ ನಾನು ಹಾಗೇ ಕೊಡುತ್ತೇನೆ.

ನುಚ್ಚು ಇನ್ನೂ ಸುಲಭ. ತರಿತರಿಯಾಗಿ ಒಡೆಸಿದ ಜೋಳ, ನೀರು, ಉಪ್ಪು. ಮೆತ್ತಗೆ ಬೇಯಿಸಿ ಮಜ್ಜಿಗೆ, ಹಸಿ ಉಳ್ಳಾಗಡ್ಡಿ ಜೊತೆ ಉಣ್ಣಿ, ಬೇಸಿಗೆಯಲ್ಲಿ ಇದಕ್ಕಿಂತ ಬೇರೆ ಊಟ ಬೇಕಿಲ್ಲ. ಪುಂಡಿಪಲ್ಯ ಇದ್ದರಂತೂ ಕೇಳುವುದೇ ಬೇಡ. ಇಲ್ಲಿಯ ತರಕಾರಿ ಮಾರುಕಟ್ಟೆಯಲ್ಲಿ ಅಂಬಾಡಿ ಅಂತ ಕೇಳಿದರೆ ಪುಂಡಿ ಸೊಪ್ಪು ಸಿಗುತ್ತದೆ.

ಇವಕ್ಕೆ ಪನೀರ್, ಗೋಡಂಬಿ, ಕ್ರೀಮ್ ಹಾಕಿ ಚಂದ ಮಾಡುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ದುಡ್ಡು ಹಾಕುವುದೇ ಆದರೆ ಜೋಳಕ್ಕೆ ಹಾಕಿ. ಸೋಲಾಪುರ ಕಡೆಯ ಮಾಲದಂಡಿ ತಳಿಯ ಜೋಳದ ಕಾಳು ತಂದು, ಗಿರಣಿಯಲ್ಲಿ ಬೇರೆಯವರ ಜೋಳ ಬೀಸುತ್ತಿರುವ ಹೊತ್ತು ನೋಡಿ ನಮ್ಮದನ್ನು ಹಾಕಿಸುತ್ತೇನೆ, ಗೋಧಿ ಹಿಟ್ಟು ಬೆರೆಯಬಾರದು ಅಲ್ವಾ. ಸ್ವಲ್ಪ ಸ್ವಲ್ಪವೇ ಬೀಸಿಸುತ್ತೇನೆ. ಜೋಳದಲ್ಲಿ ಗೋಧಿಯ ಹಾಗೆ ಗ್ಲುಟೆನ್ ಇಲ್ಲ, ಕುದಿಯುವ ನೀರು ಬಿದ್ದಾಗಲೇ ಹಿಟ್ಟಿಗೆ ಜಿಗುಟು ಬರುವುದು. ಹಿಟ್ಟು ಹಳೆಯದಾದರೆ ಬಿಸಿನೀರಿಗೂ ಬಗ್ಗುವುದಿಲ್ಲ, ಬಡಿಯುವಾಗಲೇ ಅಂಚು ಸೀಳುತ್ತದೆ.

ಬಡವರ ಕಾಳಾಗಿದ್ದ ಒಳ್ಳೆ ಜೋಳ ಈಗ ಗೋಧಿಗಿಂತ ದುಬಾರಿ. ಅದು ಕೈಗೆ ಎಟುಕದ ವಾರ ಹಿಟ್ಟಿನ ಪಲ್ಯವನ್ನೇ ತೆಳ್ಳಗೆ ಮಾಡಿ ಬಿಸಿ ಅನ್ನಕ್ಕೆ ಕಲಸುತ್ತೇವೆ. ಹಾಗೆ ಮಾಡುವಾಗ ವಾಟಿ ಹಿಟ್ಟಿಗೆ ನಾಲ್ಕು ವಾಟಿ ನೀರು ಹಿಡಿಸುತ್ತದೆ, ಬೆಳ್ಳುಳ್ಳಿ ಸ್ವಲ್ಪ ಜಾಸ್ತಿ ಹಾಕಿ.