ಮೇನ್‌ಗಿಂತ ಮುಂಚೆ ಓಡುವ ಕೋಡು

ಬ್ಯಾಡಗಿ ಮೆಣಸಿನಕಾಯಿ ಅಂಗಡಿಯೊಂದಕ್ಕೆ ತೂಕದ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೆವು. ಎಲೆಕ್ಟ್ರಾನಿಕ್ ಕಾಟಾದಿಂದ ಸೀರಿಯಲ್ ಪೋರ್ಟ್ ಮೂಲಕ ತೂಕ ಓದಿ ಚೀಟಿ ಪ್ರಿಂಟ್ ಮಾಡುತ್ತದೆ, ಅಷ್ಟೇ. ಲಿನಕ್ಸ್ ಮೇಲೆ ಸಿ++ನಲ್ಲಿ ಬರೆದದ್ದು. ಹುಬ್ಬಳ್ಳಿಯ ನಮ್ಮ ಗೋಕುಲ ರೋಡಿನ ಆಫೀಸಿನಲ್ಲಿ ಚೆನ್ನಾಗಿ ಓಡುತ್ತಿತ್ತು. ಬೇರೆ ಮಷಿನ್‌ನಲ್ಲಿ ಬಿಲ್ಡ್ ಮಾಡಿದ ಹುಡುಗ ಫೋನ್ ಮಾಡಿದ: "ಸರ್, ಮೇನ್‌ಗ ಬರೂದ ಇಲ್ರೀ, ಅದಕ್ಕ ಮೊದಲ ಕ್ರ್ಯಾಶ್ ಆಗ್ತದ." ಮೇನ್ ಅಂದರೆ ನಾವು ಬರೆದ ಪ್ರೋಗ್ರಾಮಿನ ಕೆಲಸ ಶುರುವಾಗುವ ಫಂಕ್ಷನ್.

ತಪ್ಪು ಹುಡುಕುವ ಜಿಡಿಬಿಯಲ್ಲಿ ನೋಡಿದರೆ ಪೋರ್ಟ್ ಎಂಬ ಗ್ಲೋಬಲ್ ಆಬ್ಜೆಕ್ಟಿನ (ಫಂಕ್ಷನ್‌ಗಳ ಹೊರಗಿದ್ದು ಮೇನ್‌ಗಿಂತ ಮುಂಚೆಯೇ ಹುಟ್ಟುವಂಥದ್ದು) ಕನ್‌ಸ್ಟ್ರಕ್ಟರ್, ಅಂದರೆ ಅದನ್ನು ಹುಟ್ಟಿಸುವ ಕೋಡು, ಲಾಗ್ ಎಂಬ ಇನ್ನೊಂದು ಗ್ಲೋಬಲ್‌ಗೆ ಬರೆಯಲು ಹೋಗಿದೆ. ಲಾಗ್ ಇನ್ನೂ ಹುಟ್ಟೇ ಇಲ್ಲ! ಒಂದು ಫೈಲಿನ ಒಳಗೆ ಗ್ಲೋಬಲ್‌ಗಳು ಬರೆದ ಕ್ರಮದಲ್ಲೇ ಹುಟ್ಟುತ್ತವೆ. ಫೈಲ್‌ಗಳ ನಡುವೆ ಯಾವುದು ಮೊದಲು ಅಂತ ಭಾಷೆ ಹೇಳುವುದಿಲ್ಲ. ಕಂಪೈಲ್ ಆದ ಫೈಲ್‌ಗಳನ್ನು ಸೇರಿಸಿ ಒಂದು ಪ್ರೋಗ್ರಾಮ್ ಮಾಡುವ ನಮ್ಮ ಲಿಂಕರ್ ತನಗೆ ಫೈಲ್‌ಗಳನ್ನು ಕೊಟ್ಟ ಸಾಲಿನಲ್ಲೇ ಇಡುತ್ತಿತ್ತು. ಆ ಸಾಲು ಬಂದದ್ದು ಬಿಲ್ಡ್ ಹೇಗೆ ಅಂತ ಬರೆದಿಡುವ ಮೇಕ್‌ಫೈಲಿನ ವೈಲ್ಡ್‌ಕಾರ್ಡ್‌ನಿಂದ, ಅಂದರೆ ಫೋಲ್ಡರಿನ ಫೈಲ್‌ಗಳನ್ನು ತಾನೇ ಪಟ್ಟಿ ಮಾಡುವ ಸೂಚನೆಯಿಂದ. ಮೇಕ್‌ಫೈಲ್ ಓದಿ ಬಿಲ್ಡ್ ಮಾಡುವ ಗ್ನೂ ಮೇಕ್ 3.82ರಿಂದ ಅದನ್ನು ಅಕ್ಷರ ಕ್ರಮದಲ್ಲಿ ಜೋಡಿಸುವುದನ್ನು ಬಿಟ್ಟಿತ್ತು, 4.3ರಲ್ಲಿ ಮತ್ತೆ ಶುರು ಮಾಡಿತು. ಎರಡು ಮಷಿನ್‌ನಲ್ಲಿ ಎರಡು ವರ್ಷನ್ ಇದ್ದರೆ ಸಾಲು ಬದಲಾಗಬಹುದು, ಅಲ್ವಾ?

ಮೇಕ್‌ಫೈಲಿನಲ್ಲಿ ಕೈಯಿಂದ ಸಾಲು ಬರೆದರೂ ನಡೆಯುತ್ತಿತ್ತು. ಆದರೆ ನಾಳೆ ಯಾರೋ ಫೈಲ್ ಸೇರಿಸುತ್ತಾರೆ, ಮತ್ತೆ ಅದೇ ರಗಳೆ. ಹಾಗಾಗಿ ನಮ್ಮ ಕಂಪೈಲರ್ ಜಿಸಿಸಿಯ ಇನಿಟ್ ಪ್ರಯಾರಿಟಿ ಬಳಸಿದೆ, ಅಂದರೆ ಗ್ಲೋಬಲ್‌ಗೆ ಹುಟ್ಟುವ ಸರದಿಯ ಸಂಖ್ಯೆ ಕೊಡುವುದು. ಚಿಕ್ಕ ಸಂಖ್ಯೆ ಮೊದಲು ಓಡುತ್ತದೆ. 101ರಿಂದ 65535ರವರೆಗೆ ನಮಗೆ, 100ರವರೆಗಿನದು ಕಂಪೈಲರ್, ಲೈಬ್ರರಿಗಳಿಗೆ. ಲಾಗ್‌ಗೆ 200, ಪೋರ್ಟ್‌ಗೆ 400 ಕೊಟ್ಟೆ. ಸಂಖ್ಯೆಗಳೆಲ್ಲ ಒಂದೇ ಹೆಡರ್‌ನಲ್ಲಿ, ನಡುವೆ ಜಾಗ ಬಿಟ್ಟು. ಲಾಗ್‌ನ ಕಂಪೈಲ್ ಆದ ಆಬ್ಜೆಕ್ಟ್ ಫೈಲ್‌ಗೆ, ಒಳಗಿನದನ್ನು ತೋರಿಸುವ ಆಬ್ಜ್‌ಡಂಪ್ ಹಾಕಿದರೆ ಇನಿಟ್ ಅರೇ (ಮೇನ್‌ಗಿಂತ ಮೊದಲು ಓಡಬೇಕಾದವುಗಳ ಪಟ್ಟಿ) ಸೆಕ್ಷನ್ನಿನ ಹೆಸರಿನ ಕೊನೆಗೆ 00200 ಅಂತ ಕಾಣುತ್ತದೆ. ಲಿಂಕರ್ ಅದನ್ನೇ ನೋಡಿ ಜೋಡಿಸುತ್ತದೆ. ಈ ಸಂಖ್ಯೆಯ ಮಾತು ಒಂದು ಪ್ರೋಗ್ರಾಮಿನ ಒಳಗಷ್ಟೇ. ಪ್ರೋಗ್ರಾಮ್ ಶುರುವಾಗುವಾಗ ಹೊರಗಿನಿಂದ ಸೇರಿಕೊಳ್ಳುವ ಶೇರ್ಡ್ ಲೈಬ್ರರಿ ಇದ್ದರೆ ಅದರ ಕನ್‌ಸ್ಟ್ರಕ್ಟರ್‌ಗಳು ಮುಂಚೆಯೇ ಮುಗಿದಿರುತ್ತವೆ. ಸೆಟ್ಟಿಂಗ್ ಎಂಬ ಇನ್ನೊಂದು ಗ್ಲೋಬಲ್‌ಗೆ ಮಾತ್ರ ಸಂಖ್ಯೆ ಕೊಡಲಿಲ್ಲ. ಫಂಕ್ಷನ್ನಿನ ಒಳಗಿನ ಸ್ಟ್ಯಾಟಿಕ್ ಮಾಡಿದೆ, ಮೊದಲ ಸಲ ಕೇಳಿದಾಗ ಹುಟ್ಟುತ್ತದೆ. ಸಿ++11ರಿಂದ ಎರಡು ಥ್ರೆಡ್‌ಗಳು (ಒಟ್ಟಿಗೆ ಓಡುವ ಎಳೆಗಳು) ಒಂದೇ ಸಲಕ್ಕೆ ಕೇಳಿದರೆ ಎರಡು ಸಲ ಹುಟ್ಟೀತು ಎಂಬ ಭಯವೂ ಇಲ್ಲ. ಸಾಧ್ಯವಾದ ಕಡೆ ಇದೇ ನನಗಿಷ್ಟ.

ತಲೆ ತಿಂದದ್ದು ಮುಚ್ಚುವ ಕಡೆ. ಗ್ಲೋಬಲ್‌ಗಳು ಹುಟ್ಟಿದ್ದಕ್ಕೆ ಉಲ್ಟಾ ಸಾಯುತ್ತವೆ, ಹಾಗಾಗಿ ಲಾಗ್ ಪೋರ್ಟ್‌ಗಿಂತ ತಡವಾಗಿ ಹೋಗುತ್ತದೆ. ಅಲ್ಲಿಗೆ ಸರಿ. ಆದರೆ ಹಳೆಯ ಸಿ ಫೈಲೊಂದರಲ್ಲಿ ಡಿಸ್ಟ್ರಕ್ಟರ್ ಆಟ್ರಿಬ್ಯೂಟ್ (ಪ್ರೋಗ್ರಾಮ್ ಮುಗಿಯುವಾಗ ತಾನೇ ಓಡಬೇಕೆಂಬ ಗುರುತು) ಹಾಕಿದ ಫಂಕ್ಷನ್ ಇತ್ತು. ಲಿನಕ್ಸಿನ ಸಿ ಲೈಬ್ರರಿ ಜಿಲಿಬ್‌ಸಿಯಲ್ಲಿ ಅಂಥದ್ದು ಸಿ++ ಗ್ಲೋಬಲ್‌ಗಳೆಲ್ಲ ಹೋದ ಮೇಲೆ ಓಡುತ್ತದೆ. ಅದು ಸತ್ತ ಲಾಗ್‌ಗೆ ಬರೆಯುತ್ತಿತ್ತು. ಆಟ್ರಿಬ್ಯೂಟ್ ಕಿತ್ತು, ಆ ಫಂಕ್ಷನ್ನನ್ನು ಮೇನ್ ಒಳಗೆ ಅಟ್‌ಎಕ್ಸಿಟ್‌ಗೆ (ಮುಗಿಯುವಾಗ ಓಡಿಸು ಅಂತ ಹೇಳಿಡುವ ಕಡೆಗೆ) ಕೊಟ್ಟೆ. ಕೊನೆಗೆ ಕೊಟ್ಟದ್ದು ಮೊದಲು ಓಡುವುದರಿಂದ ಆಗ ಲಾಗ್ ಇನ್ನೂ ಇರುತ್ತದೆ.

ಇದೆಲ್ಲ ಪ್ರೋಗ್ರಾಮ್ ನೆಟ್ಟಗೆ ಮುಗಿದಾಗ ಮಾತ್ರ. ಪ್ರೋಗ್ರಾಮಿಗೆ ನಿಲ್ಲು ಅಂತ ಬರುವ ಸಿಗ್ನಲ್ ಸಿಗ್‌ಟರ್ಮ್ ಹಿಡಿಯದೆ ಬಿಟ್ಟರೆ ಇವು ಯಾವುವೂ ಓಡುವುದಿಲ್ಲ, ಕರೆಂಟ್ ಹೋದರಂತೂ ಕೇಳುವುದೇ ಬೇಡ. ಸಿಗ್ನಲ್ ಬಂದಾಗ ಓಡುವ ಹ್ಯಾಂಡ್ಲರ್‌ನಲ್ಲಿ ಒಂದು ಫ್ಲ್ಯಾಗ್ ಮಾತ್ರ ಎತ್ತಿ, ಮೇನ್ ಲೂಪ್ ತಾನೇ ಹೊರಬರುವಂತೆ ಮಾಡಿದೆ. ಚೀಟಿಯ ಲೆಕ್ಕವನ್ನು ಮುಚ್ಚುವಾಗ ಬರೆಯೋಣ ಅಂತ ಇಟ್ಟುಕೊಳ್ಳುವುದಿಲ್ಲ. ಪ್ರತಿ ಚೀಟಿಗೂ ಆಗಲೇ ಬರೆದು ಎಫ್‌ಸಿಂಕ್ ಮಾಡುತ್ತೇವೆ, ಅಂದರೆ ಡಿಸ್ಕಿಗೆ ತಲುಪಿಸಿಬಿಡುತ್ತೇವೆ.