ವಿದಿನ್–ಕಲಾಫಾತ್ ಸೇತುವೆ: ಸರ್ವೆಯವನ ಕಣ್ಣಲ್ಲಿ

ಬಲ್ಗೇರಿಯಾ ಮತ್ತು ರೊಮೇನಿಯಾ ನಡುವೆ ಸುಮಾರು 470 ಕಿಲೋಮೀಟರ್ ಉದ್ದಕ್ಕೂ ಡ್ಯಾನ್ಯೂಬ್ ನದಿಯೇ ಗಡಿ. ಬಹಳ ಕಾಲ ಅಲ್ಲಿದ್ದದ್ದು 1954ರ ರೂಸೆ–ಜುರ್ಜು ಸೇತುವೆ ಒಂದೇ. ಎರಡನೆಯದು ಬಲ್ಗೇರಿಯಾದ ವಿದಿನ್ ಮತ್ತು ರೊಮೇನಿಯಾದ ಕಲಾಫಾತ್ ನಡುವಿನದು, 2013ರ ಜೂನ್ 14ರಂದು ಉದ್ಘಾಟನೆಯಾಯಿತು. ಅದರ ಸರ್ವೆ ತಂಡದಲ್ಲಿ ನಾನಿದ್ದೆ.

ಕಂಬ, ಕೇಬಲ್ ಎಲ್ಲ ಆಮೇಲೆ. ನಮಗೆ ಮೊದಲು ಎದುರಾದದ್ದು ಸೊನ್ನೆ. ಎತ್ತರವನ್ನು ಎಲ್ಲಿಂದಲಾದರೂ ಎಣಿಸಬೇಕು, ಅಲ್ವಾ? ರೊಮೇನಿಯಾದವರ ಲೆಕ್ಕ ಕಪ್ಪು ಸಮುದ್ರದ ಮಟ್ಟದಿಂದ. ಬಲ್ಗೇರಿಯಾದ ಲೆಕ್ಕ ಆಗ ದೂರದ ಬಾಲ್ಟಿಕ್ ಸಮುದ್ರದಿಂದ. ಕಪ್ಪು ಸಮುದ್ರ ಅವರ ಮನೆಬಾಗಿಲಲ್ಲೇ ಇದ್ದರೂ! ಹೀಗಾಗಿ ಅದೇ ನೀರಿನ ಮಟ್ಟಕ್ಕೆ ಎರಡು ದಡದ ಕಾಗದಗಳಲ್ಲಿ ಎರಡು ಅಂಕಿ. ಸೇತುವೆಗೆಂದೇ ಒಂದು ಲೆಕ್ಕ ಇಟ್ಟುಕೊಂಡು, ಎರಡೂ ದಡದ ಎತ್ತರದ ಗುರುತುಗಳನ್ನು ಅದಕ್ಕೆ ಹೊಂದಿಸಿದೆವು.

ಹೀಗೆ ನದಿಯಾಚೆಗೆ ಎತ್ತರ ಹೊಂದಿಸುವುದು ಹೇಳಿದಷ್ಟು ಸುಲಭವಲ್ಲ. ಒಂದು ಕಿಲೋಮೀಟರ್ ದೂರಕ್ಕೆ ಭೂಮಿಯ ಬಾಗೇ ಸುಮಾರು 8 ಸೆಂಟಿಮೀಟರ್ ತಿನ್ನುತ್ತದೆ. ನೀರಿನ ಮೇಲಿನ ಗಾಳಿ ದೃಷ್ಟಿರೇಖೆಯನ್ನೂ ಬಗ್ಗಿಸುತ್ತದೆ. ಎರಡೂ ದಡದಿಂದ ಒಂದೇ ಹೊತ್ತಿಗೆ ಎದುರುಬದುರು ಅಳೆದು ಸರಾಸರಿ ತೆಗೆದರೆ ಈ ಎರಡೂ ತಪ್ಪುಗಳು ಹೆಚ್ಚುಕಮ್ಮಿ ಒಂದನ್ನೊಂದು ಹೊಡೆದುಹಾಕುತ್ತವೆ. ಜಿಪಿಎಸ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ಜಾಗ ಹೇಳಲು ಅದು ಚೆನ್ನ, ಮಿಲಿಮೀಟರ್ ಎತ್ತರಕ್ಕೆ ನಾನು ಅದೊಂದನ್ನೇ ನಂಬುವುದಿಲ್ಲ.

ಇಷ್ಟು ಹಠ ಯಾಕೆ ಅಂದರೆ ರೈಲು. ನಾಲ್ಕು ಲೇನ್ ರಸ್ತೆಯೂ ಒಂದು ರೈಲು ಹಳಿಯೂ ಇಲ್ಲಿ ಒಂದೇ ಮಟ್ಟದಲ್ಲಿವೆ. ರೂಸೆಯಲ್ಲಿ ಮೇಲೆ ರಸ್ತೆ, ಕೆಳಗೆ ರೈಲು. ರಸ್ತೆಯಲ್ಲಿ ಸಣ್ಣ ಏರುಪೇರಾದರೆ ಡಾಂಬರು ಮುಚ್ಚುತ್ತದೆ. ಹಳಿಗೆ ಅಷ್ಟು ಸಡಿಲ ಇಲ್ಲ. ಭಾರದ ಗೂಡ್ಸ್ ಬಂದಾಗ ಸೇತುವೆ ಜಾಸ್ತಿ ಬಗ್ಗಬಾರದು. ಅದಕ್ಕೇ ಇಲ್ಲಿ ಕೇಬಲ್ ಕಟ್ಟಿದ ಗೋಪುರ ಗಿಡ್ಡ, ರಸ್ತೆ-ಹಳಿ ಹೊರುವ ಪೊಳ್ಳು ಕಾಂಕ್ರೀಟ್ ಪೆಟ್ಟಿಗೆ ಗಟ್ಟಿ. ಕೇಬಲ್‌ಗಳು ಭಾರದ ಒಂದು ಪಾಲನ್ನಷ್ಟೇ ಹೊರುತ್ತವೆ.

ಹಡಗು ಹೋಗುವ ಕಡೆ ಕಂಬದಿಂದ ಕಂಬಕ್ಕೆ 180 ಮೀಟರ್. ಕಾಂಕ್ರೀಟ್ ತುಂಡುಗಳನ್ನು ಮೊದಲೇ ಎರಕ ಹೊಯ್ದು, ತಕ್ಕಡಿಯ ಹಾಗೆ ಕಂಬದ ಎರಡೂ ಕಡೆಗೆ ಸಮನಾಗಿ ಜೋಡಿಸುತ್ತಾ ಹೋಗಬೇಕು. ಹೀಗೆ ಕಂಬದಿಂದ ಚಾಚುತ್ತಾ ಬೆಳೆಯುವ ಭಾಗವೇ ತೋಳು. ಮೇಲೇರಿದ ತುಂಡಿನ ಕೋನ ಬದಲಿಸುವ ಅವಕಾಶ ತೀರಾ ಕಡಿಮೆ. ಆದ್ದರಿಂದ ನಮ್ಮ ನಿಜವಾದ ಕೆಲಸ ನದಿ ಮೇಲಲ್ಲ, ಎರಕದ ಯಾರ್ಡಿನಲ್ಲಿ. ಅಲ್ಲಿನ ಒಂದು ಕೂದಲೆಳೆಯ ವಾಲಿಕೆ ತೋಳಿನ ತುದಿಗೆ ಹೋಗುವಷ್ಟರಲ್ಲಿ ಬೆಳೆದು ನಿಲ್ಲುತ್ತದೆ.

ಅಳತೆಯೆಲ್ಲ ಸೂರ್ಯ ಹುಟ್ಟುವ ಮುಂಚೆ. ಬಿಸಿಲು ಬಿದ್ದರೆ ಮೇಲ್ಭಾಗ ಹಿಗ್ಗಿ ತೋಳಿನ ತುದಿ ಕೆಳಗೆ ಬಾಗುತ್ತದೆ, ಆಗ ತೆಗೆದ ಅಂಕಿ ಸುಮ್ನೆ ದಂಡ. ಎದುರುಬದುರಿನ ತೋಳುಗಳನ್ನು ಬೆಸೆಯುವಾಗಲೂ ತಂಪು ಹೊತ್ತನ್ನೇ ಆರಿಸಿದೆವು. ಕಬ್ಬಿಣದ ತೊಲೆಗಳಿಂದ ಎರಡನ್ನೂ ಬಿಗಿದು, ನಡುವೆ ಕಾಂಕ್ರೀಟ್ ತುಂಬಿಸಿದೆವು.

ಬೆಸೆದ ಮೇಲೂ ಕಾಂಕ್ರೀಟ್ ವರ್ಷಗಟ್ಟಲೆ ಸ್ವಲ್ಪಸ್ವಲ್ಪ ಕುಗ್ಗುತ್ತದೆ, ಇಳಿಯುತ್ತದೆ. ಹಳಿ ಹಾಕುವವರಿಗೆ ಕೊಟ್ಟ ಎತ್ತರಗಳಲ್ಲಿ ಮುಂದಾಗುವ ಆ ಇಳಿತವನ್ನೂ ಸೇರಿಸಿದ್ದೆವು.